ಡಿಸೈನ್ ಕಲಿಯುವವನಿಗೆ ಒತ್ತಕ್ಷರ ಯಾಕೆ?

ಪಿಯುಸಿ ಫಲಿತಾಂಶ ಬಂದ ಮೇಲಿನ ಹದಿನೈದು ದಿನ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಬಣ್ಣವೇ ಬೇರೆ. ಮೊದಲೆಲ್ಲ ಇಂಜಿನಿಯರಿಂಗೋ ಮೆಡಿಕಲ್ಲೋ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಕೆಲವು ವರ್ಷಗಳಿಂದ ಹೆತ್ತವರು ಸ್ವಲ್ಪ ತಗ್ಗಿದ ದನಿಯಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತಿದ್ದಾರೆ: "ಮಗಳು ಗ್ರಾಫಿಕ್ ಡಿಸೈನ್ ಮಾಡುತ್ತೇನೆ ಅನ್ನುತ್ತಾಳೆ. ಅದು ಎಂಥ ಕೆಲಸ? ಫೋಟೋ ಸ್ಟುಡಿಯೋದ ಹಾಗೆಯಾ, ಡಿಟಿಪಿ ಸೆಂಟರಿನ ಹಾಗೆಯಾ? ಊಟಕ್ಕೆ ಸಾಕಾಗುತ್ತದಾ?"

ಇದಕ್ಕೆ ಒಂದು ಮಾತಿನ ಉತ್ತರ ಇಲ್ಲ. ಒಂದು ದಿನ ಹೋಗಿ ಕುಳಿತು ನೋಡುವುದೇ ಒಳ್ಳೆಯದು. ಉಡುಪಿಯಿಂದ ಮಣಿಪಾಲಕ್ಕೆ ಏರುವ ದಾರಿಯ ಇಕ್ಕೆಲದಲ್ಲಿ, ಕಾಪು ಪೇಟೆಯಲ್ಲಿ, ಕಾರ್ಕಳದ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಕಟ್ಟಡದ ಮಹಡಿ ಹತ್ತಿದರೆ ಇಂಥ ಸಣ್ಣ ಸ್ಟುಡಿಯೋಗಳು ಸಿಗುತ್ತವೆ. ಎರಡೋ ಮೂರೋ ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಒರಗಿಸಿಟ್ಟ ಹಳೆಯ ಬ್ಯಾನರಿನ ಸುರುಳಿ, ಮೇಜಿನ ಮೇಲೆ ಕಾಗದದ ಮಾದರಿಗಳ ಕಟ್ಟು, ಒಂದು ಮೂಲೆಯಲ್ಲಿ ಗಿರಾಕಿ ತಂದಿಟ್ಟು ಮರೆತುಹೋದ ಕೊಡೆ. ಮಾಲಿಕನೂ ಸೇರಿ ಮೂರು ನಾಲ್ಕು ಮಂದಿ. ಹೊರಗಿನ ಬೋರ್ಡಿನಲ್ಲಿ 'ಡಿಸೈನ್ ಸ್ಟುಡಿಯೋ' ಎಂದಿದ್ದರೂ ಒಳಗೆ ಬರುವವರು "ಸ್ವಲ್ಪ ಟೈಪ್ ಮಾಡಿ ಕೊಡಬೇಕಿತ್ತು" ಎಂದೇ ಮಾತು ಶುರು ಮಾಡುತ್ತಾರೆ!

ಕೆಲಸಕ್ಕೆ ನಮ್ಮೂರಿನದ್ದೇ ಒಂದು ಪಂಚಾಂಗ ಇದೆ. ದೀಪಾವಳಿ ಕಳೆದ ಮೇಲೆ ಮದುವೆ ಕಾಗದ ಶುರು. ಆಮೇಲೆ ಯಕ್ಷಗಾನದ ಕರಪತ್ರ, ನೇಮೋತ್ಸವದ ಆಮಂತ್ರಣ, ಶಾಲಾ ವಾರ್ಷಿಕೋತ್ಸವದ ಸ್ಮರಣ ಸಂಚಿಕೆ, ಮಿಯಾರಿನ ಲವಕುಶ ಜೋಡುಕರೆ ಕಂಬಳದಂಥ ಕೂಟಗಳಿಗೆ ಶುಭಕೋರುವ ಬ್ಯಾನರ್. ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯಕ್ಕೆ ಉಡುಪಿಯ ಸ್ಟುಡಿಯೋಗಳಲ್ಲಿ ರಾತ್ರಿ ದೀಪ ಆರುವುದಿಲ್ಲ. 2025ರ ಫೆಬ್ರವರಿ-ಮಾರ್ಚ್‌ನಲ್ಲಿ ಕಾಪು ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವ ನಡೆಯಿತಲ್ಲ, ಅಂಥ ಒಂದು ಉತ್ಸವಕ್ಕೆ ಎಷ್ಟು ಬಗೆಯ ಮುದ್ರಣ ಬೇಕು ಎಂದು ಲೆಕ್ಕ ಹಾಕಿ ನೋಡಿ: ವಿಜ್ಞಾಪನಾ ಪತ್ರ, ರಶೀದಿ ಪುಸ್ತಕ, ಆಮಂತ್ರಣ, ಸ್ವಯಂಸೇವಕರ ಬ್ಯಾಡ್ಜು, ವಾಹನದ ಪಾಸು, ಊಟದ ದಾರಿ ತೋರಿಸುವ ಬಾಣದ ಗುರುತು! ಮೇ ತಿಂಗಳ 24-25ರ ಹೊತ್ತಿಗೆ ಪತ್ತನಾಜೆ. ಗೆಜ್ಜೆ ಬಿಚ್ಚಿ ಮೇಳಗಳು ಊರಿಗೆ ಮರಳುತ್ತವೆ, ಭೂತಗಳಿಗೆ ವಿರಾಮ. ಸ್ಟುಡಿಯೋಕ್ಕೂ ಹೆಚ್ಚುಕಮ್ಮಿ ವಿರಾಮವೇ. ಮಳೆಗಾಲದಲ್ಲಿ ಶಾಲೆಯ ಡೈರಿ, ಗೇರುಬೀಜದ ಪೊಟ್ಟಣ, ಉಪ್ಪಿನಕಾಯಿಯ ಲೇಬಲ್ ಇಂಥವುಗಳಲ್ಲಿ ದಿನ ದೂಡಬೇಕು.

ಇಷ್ಟು ಕೇಳಿದರೆ ಇದೊಂದು ಬಣ್ಣ ಮತ್ತು ಚಿತ್ರದ ಕೆಲಸ ಎನಿಸುತ್ತದೆ. ಕಲಿಯಲು ಬರುವ ಮಕ್ಕಳಿಗೂ ಹಾಗೆಯೇ ಅನಿಸಿರುತ್ತದೆ. ಆರು ತಿಂಗಳ ಕೋರ್ಸಿನಲ್ಲಿ ಫೋಟೋಶಾಪ್, ಕೋರೆಲ್ ಡ್ರಾ, ಇಲಸ್ಟ್ರೇಟರ್ ಎಲ್ಲ ಮುಗಿಸಿ ಸರ್ಟಿಫಿಕೇಟು ಹಿಡಿದುಕೊಂಡು ಬಂದವನಿಗೆ ಸ್ಟುಡಿಯೋದಲ್ಲಿ ಮೊದಲ ದಿನ ಸಿಗುವುದು ಮದುವೆ ಕಾಗದದ ಒಂದು ಪ್ರೂಫು. "ಇದನ್ನು ಓದು." ಅಲ್ಲಿಗೆ ಅವನ ಬೆವರು ಇಳಿಯುತ್ತದೆ.

ಯಾಕೆಂದರೆ ನಮ್ಮೂರ ಡಿಸೈನಿನಲ್ಲಿ ಮುಕ್ಕಾಲು ಪಾಲು ಅಕ್ಷರವೇ. ಒಂದು ಆಮಂತ್ರಣದಲ್ಲಿ ಹೂಬಳ್ಳಿ ಇಲ್ಲದಿದ್ದರೂ ಮದುವೆ ನಡೆಯುತ್ತದೆ. ತೀರಿಹೋದ ಅಜ್ಜನ ಹೆಸರಿನ ಹಿಂದೆ ಇರಬೇಕಾದ 'ದಿ|' ಒಂದು ಸಾಲು ಕೆಳಗೆ ಜಾರಿ, ಬದುಕಿರುವ ಚಿಕ್ಕಪ್ಪನ ಹೆಸರಿಗೆ ಅಂಟಿಕೊಂಡರೆ ಏನಾಗುತ್ತದೆ, ಊಹಿಸಿ! ವಾರ ಮತ್ತು ತಾರೀಕು ತಾಳೆಯಾಗಬೇಕು. ಸೋದರಮಾವನ ಹೆಸರು ಬಿಡಬಾರದು. ಯಕ್ಷಗಾನದ ಕರಪತ್ರದಲ್ಲಿ ಭಾಗವತರ ಹೆಸರು ಎಲ್ಲಿ, ಯಾವ ಗಾತ್ರದಲ್ಲಿ ಎಂಬುದಕ್ಕೆ ಬರೆಯದ ಕಾನೂನು ಇದೆ. ಇನ್ನು ಭಾಷೆ? ಬೆಳಿಗ್ಗೆ ಬಂದ ನೇಮದ ಕಾಗದದಲ್ಲಿ ಅರ್ಧ ತುಳು, ಮಧ್ಯಾಹ್ನ ಬಂದ ರೋಸ್ ಸಮಾರಂಭದ ಕಾಗದ ಕೊಂಕಣಿ, ಸಂಜೆಗೆ ಬ್ಯಾರಿ ಕುಟುಂಬದ ನಿಕಾಹ್ ಪತ್ರ. ಮೂರೂ ಕನ್ನಡ ಲಿಪಿಯಲ್ಲಿಯೇ. ಕಾಗುಣಿತದ ಮೇಲೆ ಹಿಡಿತವಿಲ್ಲದವನು ಇಲ್ಲಿ ದಾರಿ ತಪ್ಪುವುದು ಖಂಡಿತ.

ಕಾಗುಣಿತದ ತಪ್ಪು ಮನುಷ್ಯರದ್ದಾಯಿತು. ಯಂತ್ರದ್ದೂ ಒಂದು ಇದೆ. ಗಿರಾಕಿ ತನ್ನ ಮೊಬೈಲಿನಲ್ಲಿ ಅಚ್ಚುಕಟ್ಟಾಗಿ ಕನ್ನಡದಲ್ಲಿ ಬರೆದು ವಾಟ್ಸ್ಯಾಪಿನಲ್ಲಿ ಕಳುಹಿಸುತ್ತಾನೆ. ಅದನ್ನು ಸ್ಟುಡಿಯೋದವನು ತೆಗೆದು ತನ್ನ ವಿನ್ಯಾಸಕ್ಕೆ ಅಂಟಿಸುತ್ತಾನೆ. ನೋಡಿದರೆ ಬ್ರಹ್ಮಕಲಶ ಹೋಗಿ 'ಬ್‌ರಹ್‌ಮಕಲಶ' ಆಗಿದೆ! ಒತ್ತುಗಳೆಲ್ಲ ಮೆಟ್ಟಿಲು ಹತ್ತಿ ಸಾಲಿಗೆ ಬಂದು ನಿಂತಿವೆ. ಅವಸರದಲ್ಲಿ ಹಾಗೆಯೇ ಅಚ್ಚಾಗಿ ಹೋದ ಫಲಕಗಳನ್ನು ನೀವೂ ರಸ್ತೆ ಬದಿಯಲ್ಲಿ ನೋಡಿರಬಹುದು.

ಇದು ಯಾಕೆ ಹೀಗೆ ಎಂಬುದನ್ನು ವಿದ್ಯಾರ್ಥಿಗಳು ಸ್ವಲ್ಪ ನಿಧಾನವಾಗಿ ತಿಳಿದುಕೊಳ್ಳಬೇಕು. 'ಸೂರ್ಯ' ಎಂಬ ಪದವನ್ನು ತೆಗೆದುಕೊಳ್ಳಿ. ಬಾಯಲ್ಲಿ ಹೇಳುವಾಗ ಮೊದಲು ರ್, ಆಮೇಲೆ ಯ. ಕಾಗದದ ಮೇಲೆ ಬರೆಯುವಾಗ ಮೊದಲು ಯ, ಅದರ ಬಲಕ್ಕೆ ಅರ್ಕಾವತ್ತು. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ಕಂಪ್ಯೂಟರು ಯಾವುದನ್ನು ನೆನಪಿಟ್ಟುಕೊಳ್ಳಬೇಕು? ಹಳೆಯ ಫಾಂಟುಗಳು ಕಣ್ಣಿನ ಕ್ರಮವನ್ನು ಹಿಡಿದವು. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ದೀರ್ಘ, ಒತ್ತು ಎಂದು ತುಂಡು ತುಂಡುಗಳನ್ನು ಕೂರಿಸಿ, ಮೊಳೆ ಜೋಡಿಸಿದ ಹಾಗೆ ಜೋಡಿಸುವುದು. ಆ ಫಾಂಟು ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಕಡತ ತೆರೆದರೆ ಓದಲಾಗದ ಇಂಗ್ಲಿಷ್ ಗೀಚು ಮಾತ್ರ. 1991ರಲ್ಲಿ ಮೊದಲ ಆವೃತ್ತಿ ಹೊರಬಂದ ಯೂನಿಕೋಡ್ ಕಿವಿಯ ಕ್ರಮವನ್ನು ಹಿಡಿಯಿತು. ಕನ್ನಡಕ್ಕೆ ತನ್ನದೇ 128 ಮನೆಗಳ ಕೇರಿ ಕೊಟ್ಟಿತು. ಅಲ್ಲಿ ರ, ಹಲಂತ, ಯ ಎಂದು ಉಚ್ಚಾರದ ಸರದಿಯಲ್ಲಿ ಉಳಿಯುತ್ತದೆ. ಅದನ್ನು ಕಣ್ಣಿಗೆ ಸರಿಯಾಗಿ ಜೋಡಿಸುವ ಹೊಣೆ ಫಾಂಟು ಮತ್ತು ತಂತ್ರಾಂಶದ್ದು. ವಿನ್ಯಾಸದ ತಂತ್ರಾಂಶಗಳು ಈ ಹೊಣೆಯನ್ನು ಬಹಳ ಕಾಲ ಹೊತ್ತುಕೊಳ್ಳಲಿಲ್ಲ. ಇನ್‌ಡಿಸೈನ್ ತಂತ್ರಾಂಶಕ್ಕೆ ಭಾರತೀಯ ಲಿಪಿಗಳ ಜೋಡಣೆ ಸರಿಯಾಗಿ ಬಂದದ್ದೇ 2012ರ ಸುಮಾರಿಗೆ. ಈಗಲೂ ಹಲವು ಕಡೆ ಒಳಗಿನ ಒಂದು ಆಯ್ಕೆಯನ್ನು ದಕ್ಷಿಣ ಏಷ್ಯಾ ಲಿಪಿಗಳಿಗೆ ಬದಲಿಸಿಕೊಳ್ಳದಿದ್ದರೆ ಒತ್ತು ಬೀಳುವುದೇ. ಆರು ತಿಂಗಳ ಕೋರ್ಸುಗಳಲ್ಲಿ ಇದನ್ನು ಹೇಳಿಕೊಡುವವರು ಕಡಿಮೆ, ಪಾಠವೆಲ್ಲ ಇಂಗ್ಲಿಷ್ ಅಕ್ಷರ ಇಟ್ಟುಕೊಂಡೇ ನಡೆಯುತ್ತದಲ್ಲ!

"ಹಾಗಾದರೆ ಹಳೆಯ ಫಾಂಟು ಬಿಟ್ಟುಬಿಡಬಾರದೇ?" ಎಂದು ಕೇಳಬಹುದು. ಅಷ್ಟು ಸುಲಭ ಅಲ್ಲ ಮಾರಾಯ್ರೆ. ಇಪ್ಪತ್ತು ವರ್ಷಗಳ ಕಡತ ಅದರಲ್ಲಿದೆ. ಹಳೆಯ ಪ್ಯಾಕೇಜುಗಳಲ್ಲಿ ಬಗೆಬಗೆಯ ಅಲಂಕಾರದ ಅಕ್ಷರಗಳು ನೂರಾರು ಇದ್ದವು. ಯೂನಿಕೋಡಿನಲ್ಲಿ ಬಹುಕಾಲ ವಿಂಡೋಸ್ ಜೊತೆ ಬಂದ 'ತುಂಗಾ' ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಈಗ ಪರಿಸ್ಥಿತಿ ಬದಲಾಗಿದೆ. ನೋಟೋ, ಬಾಲೂ ತಮ್ಮ, ಗುಬ್ಬಿ, ನವಿಲು ಎಂದು ಉಚಿತವಾಗಿಯೇ ಸಿಗುತ್ತವೆ. ಆದರೂ ಮದುವೆ ಕಾಗದದ ತಲೆಬರಹಕ್ಕೆ ಗಿರಾಕಿಗೆ ಅದೇ ಹಳೆಯ ಬಳುಕಿನ ಅಕ್ಷರವೇ ಬೇಕು. ಹೀಗಾಗಿ ಸ್ಟುಡಿಯೋದಲ್ಲಿ ದಿನಕ್ಕೆ ನಾಲ್ಕಾರು ಸಲ ಯೂನಿಕೋಡಿನಿಂದ ಹಳೆಯದಕ್ಕೆ, ಹಳೆಯದರಿಂದ ಯೂನಿಕೋಡಿಗೆ ಪರಿವರ್ತನೆ. ಪರಿವರ್ತಕ ಎಲ್ಲೋ ಒಂದು ಕಡೆ ಒತ್ತು ನುಂಗುತ್ತದೆ. ಗೃಹಪ್ರವೇಶ 'ಗೃಹಪವೇಶ' ಆಗುತ್ತದೆ. ಹಿಡಿಯಬೇಕಾದದ್ದು ಕಣ್ಣೇ.

ಅಂದ ಹಾಗೆ, ಈ ಕಿವಿ-ಕಣ್ಣಿನ ಲೆಕ್ಕವನ್ನು ಕನ್ನಡಕ್ಕೆ ಬಿಡಿಸಿಕೊಟ್ಟವರಲ್ಲಿ ಮೊದಲಿಗರು ನಮ್ಮ ಕಡೆಯವರು ಎಂಬುದು ಇಲ್ಲಿಯ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಪದ್ಮನಾಭ ರಾವ್, ಎಲ್ಲರಿಗೂ ಕೆ.ಪಿ. ರಾವ್. ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಆಮೇಲೆ ಮುದ್ರಣ ಮತ್ತು ಅಕ್ಷರಜೋಡಣೆಯ ಕ್ಷೇತ್ರ ಎಂದು ದುಡಿದು ಮಣಿಪಾಲಕ್ಕೆ ಬಂದವರು. ಕನ್ನಡವನ್ನು ಉಚ್ಚಾರದ ಕ್ರಮದಲ್ಲಿಯೇ ಟೈಪಿಸಬಹುದಾದ ಕೀಲಿಮಣೆಯನ್ನು ರೂಪಿಸಿದರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ತಂತ್ರಾಂಶ ತಯಾರಿಸಿ ಅದಕ್ಕೆ ಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ 'ಸೇಡಿಯಾಪು' ಎಂದೇ ಹೆಸರಿಟ್ಟು ಉಚಿತವಾಗಿ ಹಂಚಿದರು. ಅವರ ಕೀಲಿಮಣೆಯೇ ಅಲ್ಪಸ್ವಲ್ಪ ಬದಲಾವಣೆಯೊಂದಿಗೆ ಮುಂದೆ ರಾಜ್ಯ ಸರಕಾರ ಒಪ್ಪಿದ ವಿನ್ಯಾಸವಾಯಿತು; 'ನುಡಿ'ಯಲ್ಲಿ ಟೈಪಿಸುವವರು ಎಫ್ ಕೀಲಿ ಒತ್ತಿ ಒತ್ತಕ್ಷರ ಮೂಡಿಸುವಾಗ ಬೆರಳಾಡಿಸುವುದು ಅವರ ಯೋಚನೆಯ ಮೇಲೆಯೇ. ಅವರು ಅದಕ್ಕೆ ಬೆಲೆ ಕಟ್ಟಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ಕರಾವಳಿಗೆ ಅಕ್ಷರದ ಈ ಗೀಳು ಹೊಸತಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1841ರಲ್ಲಿ ಮುದ್ರಣಾಲಯ ತೆರೆಯಿತು. 1843ರ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂತು, ಅಂದರೆ ಯಾರೋ ಕೈಯಲ್ಲಿ ಬರೆದ ಅಕ್ಷರವೇ ಅಚ್ಚಾದದ್ದು. ಕಿಟ್ಟೆಲರ ನಿಘಂಟು 1894ರಲ್ಲಿ ಅದೇ ಮಂಗಳೂರಿನಲ್ಲಿ ಹೊರಬಂತು. ಅಷ್ಟು ದಪ್ಪದ ಪುಸ್ತಕಕ್ಕೆ ಒಂದೊಂದು ಮೊಳೆಯನ್ನೂ ಕೈಯಲ್ಲೇ ಜೋಡಿಸಿದ ಕಂಪೋಸಿಟರ್‌ಗಳ ಹೆಸರು ಯಾರಿಗೆ ಗೊತ್ತು? ಮಣಿಪಾಲದ ಪ್ರೆಸ್ಸು 1941ರಲ್ಲಿ ಶುರುವಾಯಿತು. 1970ರ ಜನವರಿ 1ರಂದು 'ಉದಯವಾಣಿ' ಹುಟ್ಟಿ ಅಚ್ಚುಕಟ್ಟಾದ ಮುದ್ರಣಕ್ಕೆ ಹೆಸರು ಮಾಡಿತು. ಮುದ್ರಣ ತಂತ್ರಜ್ಞಾನವನ್ನು ಇಂಜಿನಿಯರಿಂಗ್ ಪದವಿಯಾಗಿ ಕಲಿಸಿದ ಊರು ಕೂಡ ಮಣಿಪಾಲವೇ. ಇಂದಿನ ಸಣ್ಣ ಸ್ಟುಡಿಯೋಗಳ ಹಿರಿಯರಲ್ಲಿ ಕೆಲವರು ದೊಡ್ಡ ಪ್ರೆಸ್ಸುಗಳಲ್ಲಿ ಪ್ರೂಫ್ ಕರಡು ಹಿಡಿದುಕೊಂಡು ಓಡಾಡಿ ಕಲಿತವರು. ಅವರು ಕಾಗದವನ್ನು ಬೆರಳ ತುದಿಯಲ್ಲಿ ಉಜ್ಜಿ ಅದರ ದಪ್ಪ ಹೇಳುತ್ತಾರೆ. ಅವರ ನಂತರ? ಇದೇ ನನಗೆ ಕಾಡುವ ಪ್ರಶ್ನೆ.

ನಾನು ಆಗಾಗ ಹೋಗಿ ಕೂರುವ ಒಂದು ಸ್ಟುಡಿಯೋದ ಮಾಲಿಕ ಮೊನ್ನೆ ಹೇಳಿದ ಮಾತು: "ಸಾಫ್ಟ್‌ವೇರ್ ಗೊತ್ತಿರುವವರು ಬೇಕಾದಷ್ಟು ಸಿಗುತ್ತಾರೆ. 'ಶುಭ'ಕ್ಕೆ ಯಾವ ಶ, 'ಭಾಷೆ'ಗೆ ಯಾವ ಷ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ತಪ್ಪಾದರೆ ಮರುಮುದ್ರಣ ನನ್ನ ತಲೆಗೆ." ಸಾವಿರ ಆಮಂತ್ರಣ ಮತ್ತೆ ಅಚ್ಚು ಹಾಕಬೇಕಾದರೆ ಆ ಕೆಲಸದ ಲಾಭ ಅಲ್ಲಿಗೆ ಮುಗಿಯಿತು, ಕೆಲವೊಮ್ಮೆ ಮುಂದಿನ ಎರಡು ಕೆಲಸದ್ದೂ. ಅದಕ್ಕಾಗಿಯೇ ಅನುಭವಿಗಳು ಗಿರಾಕಿಯಿಂದ ಪ್ರೂಫಿನ ಮೇಲೆ ಸಹಿ ಹಾಕಿಸಿಕೊಳ್ಳುತ್ತಾರೆ. ಆದರೆ ಗಿರಾಕಿ ಓದದೆ ಸಹಿ ಹಾಕುತ್ತಾನೆ! ಕಾರ್ಕಳದ ಗೊಮ್ಮಟನ ಪಕ್ಕದಲ್ಲಿ 1432ರ ಶಾಸನ ಕೆತ್ತಿದವನನ್ನು ನೆನೆಸಿಕೊಳ್ಳಿ. ಅವನಿಗೆ ಮರುಮುದ್ರಣ ಎಲ್ಲಿಂದ ಬರಬೇಕು? ಉಳಿ ಇಡುವ ಮೊದಲೇ ಓದಿರಬೇಕು.

ಬಣ್ಣದ ವಿಷಯ ಹೆಚ್ಚು ಬೆಳೆಸುವುದಿಲ್ಲ. ಪರದೆಯ ಮೇಲೆ ಕಾಣುವುದು ಕೆಂಪು, ಹಸುರು, ನೀಲಿ ಬೆಳಕಿನ ಮಿಶ್ರಣ. ಕಾಗದಕ್ಕೆ ಬೀಳುವುದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿ. ಶ್ರಾವಣದ ಗದ್ದೆಯ ಹಸುರು ಪರದೆಯಲ್ಲಿ ಮಿಂಚುತ್ತದೆ, ಕಾಗದದಲ್ಲಿ ಮಂಕಾಗುತ್ತದೆ. "ಮೊಬೈಲಿನಲ್ಲಿ ಚೆಂದ ಇತ್ತಲ್ಲ" ಎಂದು ಜಗಳಕ್ಕೆ ಬರುವವರಿಗೆ ಇದನ್ನು ವಿವರಿಸುವ ತಾಳ್ಮೆಯೂ ಈ ವೃತ್ತಿಯ ಭಾಗ.

ಬೋರ್ಡುಗಳ ಕಥೆ ಸ್ವಲ್ಪ ದೊಡ್ಡದು. ಒಂದು ಕಾಲದಲ್ಲಿ ಅಂಗಡಿಯ ಹೆಸರು ಬರೆಯಲು ಕುಂಚ ಹಿಡಿದ ಕಲಾವಿದರು ಏಣಿ ಹತ್ತುತ್ತಿದ್ದರು. ಅವರ ಕೈಯ ಅಕ್ಷರಕ್ಕೆ ಊರಿಗೊಂದು ಗುರುತು ಇತ್ತು. ಫ್ಲೆಕ್ಸ್ ಬಂದು ಅವರ ಏಣಿ ಕಿತ್ತುಕೊಂಡಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್ಕಿನ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ಅದು ಎಷ್ಟು ಪಾಲನೆಯಾಯಿತು ಎಂಬುದನ್ನು ಯಾವುದೇ ವೃತ್ತದಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಸ್ಟುಡಿಯೋಗಳಲ್ಲಿ ಬಟ್ಟೆಯ ಬ್ಯಾನರಿಗೆ ಬೇಡಿಕೆ ಬಂದದ್ದಂತೂ ಹೌದು.

2024ರಲ್ಲಿ ಇನ್ನೊಂದು ಬೆಳವಣಿಗೆ. ಆ ವರ್ಷದ ಫೆಬ್ರವರಿಯಲ್ಲಿ ವಿಧಾನಮಂಡಲ ಒಪ್ಪಿದ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಕೇಳಲು ಸರಳ. ಡಿಸೈನ್ ಮಾಡುವವನು ಅಳತೆಪಟ್ಟಿ ಹಿಡಿದಾಗ ತಿಳಿಯುತ್ತದೆ ಕಷ್ಟ. ಇಂಗ್ಲಿಷ್‌ನ ದೊಡ್ಡಕ್ಷರಗಳು ಒಂದೇ ಎತ್ತರದ ಪೆಟ್ಟಿಗೆಗಳು. ಹೇಗೆ ಇಟ್ಟರೂ ಸಾಲು ತುಂಬುತ್ತದೆ. ಕನ್ನಡಕ್ಕೆ ಮೇಲೆ ಗುಡಿಸಿಗೆ ಜಾಗ ಬೇಕು, ಕೆಳಗೆ ಒತ್ತಿಗೆ ಜಾಗ ಬೇಕು. 'ಸ್ವೀಟ್ಸ್' ಎಂದು ಬರೆಯುವ ಪಟ್ಟಿಯಲ್ಲಿ ಮೂಲ ಅಕ್ಷರಕ್ಕೆ ಉಳಿಯುವುದು ಅರ್ಧದಷ್ಟು ಎತ್ತರ ಮಾತ್ರ. ಶೇ. 60 ಜಾಗ ಕೊಟ್ಟರೂ ಕನ್ನಡ ಇಂಗ್ಲಿಷಿಗಿಂತ ಚಿಕ್ಕದಾಗಿ ಕಾಣುವುದು ಹೀಗೆ. ಇದನ್ನು ಸರಿದೂಗಿಸುವುದಕ್ಕೆ ಅಕ್ಷರದ ದಪ್ಪ, ಸಾಲಿನ ಅಂತರ, ಒತ್ತಿನ ಗಾತ್ರ ಎಲ್ಲವನ್ನೂ ಕಣ್ಣಳತೆಯಲ್ಲಿ ತಿದ್ದಬೇಕು. ಕೆಲವರು ಅಕ್ಷರವನ್ನು ಅಡ್ಡಕ್ಕೆ ಎಳೆದು ಪಟ್ಟಿ ತುಂಬಿಸಿ ಕೈ ತೊಳೆದುಕೊಳ್ಳುತ್ತಾರೆ. ಹೊಟ್ಟೆ ಬಂದ ಕನ್ನಡ ಅಕ್ಷರಗಳನ್ನು ಹೆದ್ದಾರಿಯುದ್ದಕ್ಕೂ ನೋಡಿ ಬೇಸರವಾಗುತ್ತದೆ.

ಇನ್ನು ಹೆತ್ತವರ ಪ್ರಶ್ನೆಗೆ ಬರುತ್ತೇನೆ. ಊಟಕ್ಕೆ ಸಾಕಾಗುತ್ತದಾ? ಸಣ್ಣ ಸ್ಟುಡಿಯೋದ ಮೊದಲ ಸಂಬಳ ದೊಡ್ಡದಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. "ಕಂಪ್ಯೂಟರೇ ಮಾಡ್ತದಲ್ಲ, ನಿಮಗೆಂಥ ಖರ್ಚು?" ಎನ್ನುವ ಗಿರಾಕಿ ಇಂದಿಗೂ ಇದ್ದಾನೆ. ಕಾಗದ ಮತ್ತು ಅಚ್ಚಿಗೆ ದುಡ್ಡು ಕೊಡುವವನು ಯೋಚನೆಗೆ ಕೊಡಲು ಹಿಂದೆ ಮುಂದೆ ನೋಡುತ್ತಾನೆ. ಆದರೆ ಇಲ್ಲಿ ಕೈ ಪಳಗಿದವರು ಪುಸ್ತಕ ಪ್ರಕಾಶನ, ಜಾಹೀರಾತು, ಆಸ್ಪತ್ರೆ ಮತ್ತು ಕಾಲೇಜುಗಳ ಪ್ರಕಟಣ ವಿಭಾಗ, ಮೊಬೈಲ್ ಆ್ಯಪ್‌ಗಳ ವಿನ್ಯಾಸ ಎಂದು ಹರಡಿಕೊಂಡಿದ್ದಾರೆ. ಮಣಿಪಾಲದ ಕೋಣೆಯಲ್ಲಿ ಕುಳಿತು ಬೆಂಗಳೂರು, ದುಬೈಯ ಕೆಲಸ ಮಾಡುವವರೂ ಇದ್ದಾರೆ. ಕೃತಕ ಬುದ್ಧಿಮತ್ತೆ ಬಂದ ಮೇಲೆ ಹೂಬಳ್ಳಿ, ಹಿನ್ನೆಲೆ ಚಿತ್ರಗಳ ಕೆಲಸಕ್ಕೆ ಪೆಟ್ಟು ಬಿದ್ದಿದೆ, ಇನ್ನೂ ಬೀಳುತ್ತದೆ. ಕನ್ನಡದ ಸಾಲೊಂದನ್ನು ಚಿತ್ರದೊಳಗೆ ಬರೆಯಲು ಹೇಳಿದರೆ ಅದು ಸುಧಾರಿಸುತ್ತಿದ್ದರೂ ಒತ್ತು, ಗುಣಿತಗಳಲ್ಲಿ ಎಡವುತ್ತದೆ. ಎಡವಿದೆ ಎಂದು ಗುರುತಿಸಲು ಕನ್ನಡ ಬಲ್ಲವನೊಬ್ಬ ಬೇಕಲ್ಲ, ಆ ಕುರ್ಚಿ ಖಾಲಿ ಇದೆ.

ಓದುವ ದಾರಿಗಳು ಹಲವು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಹತ್ತಿರದಲ್ಲೇ ಮಂಗಳೂರಿನ ಮಹಾಲಸಾ ಚಿತ್ರಕಲಾ ಕಾಲೇಜು ಇವುಗಳಲ್ಲಿ ದೃಶ್ಯಕಲೆಯ ಪದವಿ ಇದೆ. ಅಹ್ಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಷ್ಟು ಹಳೆಯದು. ಅದಕ್ಕೆ ಅದರದ್ದೇ ಪ್ರವೇಶ ಪರೀಕ್ಷೆ. ಐಐಟಿಗಳ ವಿನ್ಯಾಸ ಪದವಿಗೆ ಯುಸೀಡ್ ಎಂಬ ಪರೀಕ್ಷೆ 2015ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಜನವರಿಯಲ್ಲಿ. ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದಿದ್ದರೂ ಬರೆಯಬಹುದು. ಇದು ಎಷ್ಟೋ ಹೆತ್ತವರಿಗೆ ಗೊತ್ತಿರುವುದಿಲ್ಲ. ಫಲಿತಾಂಶ ಬಂದ ಮೇಲೆ ಓಡಾಡಿದರೆ ಆ ವರ್ಷದ ಪರೀಕ್ಷೆ ಮುಗಿದಿರುತ್ತದೆ, ಎರಡನೇ ಪಿಯುಸಿಯ ದಸರಾ ರಜೆಯ ಹೊತ್ತಿಗೇ ಅರ್ಜಿಯ ಮೇಲೆ ಕಣ್ಣಿಟ್ಟಿರಬೇಕು. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಮುಂಬಯಿಗೆ ಹೋಗಿ ಕೆ.ಕೆ. ಹೆಬ್ಬಾರರು ಕಲಿತ ಕಾಲಕ್ಕೆ ಇಷ್ಟು ದಾರಿಗಳು ಎಲ್ಲಿದ್ದವು?

ಎಲ್ಲಿಗೆ ಹೋಗುವುದಿದ್ದರೂ ಮೊದಲು ಒಂದು ಬೇಸಿಗೆ ರಜೆಯಲ್ಲಿ ಊರಿನ ಸ್ಟುಡಿಯೋಕ್ಕೆ ಹೋಗಿ ಕುಳಿತುಕೊಳ್ಳಿ. ಏಪ್ರಿಲ್ ತಿಂಗಳು ಅವರಿಗೆ ಉಸಿರಾಡಲು ಪುರುಸೊತ್ತಿಲ್ಲದ ಕಾಲ, ಓದಿ ಹೇಳುವ ಒಬ್ಬ ಹುಡುಗ ಸಿಕ್ಕಿದರೆ ಬೇಡ ಎನ್ನುವುದಿಲ್ಲ. ಪ್ರೂಫನ್ನು ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಮೂಲಪ್ರತಿಯ ಮೇಲೆ ಬೆರಳಿಟ್ಟು ನೋಡುವುದು ಹಳೆಯ ಕ್ರಮ. ಹೆಸರುಗಳನ್ನು ಹಿಂದಿನಿಂದ ಮುಂದಕ್ಕೆ ಒಂದು ಸಲ ಓದಬೇಕು, ಆಗ ಕಣ್ಣು ಅರ್ಥದ ಹಿಂದೆ ಓಡದೆ ಅಕ್ಷರದ ಮೇಲೆ ನಿಲ್ಲುತ್ತದೆ.

ಕೊನೆಯದಾಗಿ ಒಂದು ಸುದ್ದಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡಿನ 16ನೇ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಜಾಗ ಸಿಕ್ಕಿದೆ. ಮಠಗಳ ತಾಳೆಗರಿಗಳಲ್ಲಿ ಕುಳಿತಿದ್ದ ಅಕ್ಷರ ಇನ್ನು ಮೊಬೈಲಿಗೆ ಬರುವ ದಿನ ದೂರವಿಲ್ಲ. ಮನೆಯ ಹೆಸರು, ಅಂಗಡಿಯ ಬೋರ್ಡು, ಮದುವೆ ಕಾಗದದ ತಲೆಬರಹ ತುಳು ಲಿಪಿಯಲ್ಲಿ ಬೇಕು ಎಂದು ಕೇಳುವ ಗಿರಾಕಿಗಳು ಉಡುಪಿ, ಕಾಪು, ಕಾರ್ಕಳ ಎಲ್ಲ ಕಡೆ ಇದ್ದಾರೆ. ಬರೆದುಕೊಡಲು ಸ್ಟುಡಿಯೋಗಳೂ ತಯಾರು. ಬರೆದದ್ದು ಸರಿಯಿದೆಯೇ ಎಂದು ಓದಿ ಹೇಳಲು ಮಾತ್ರ ಈಗಲೂ ಯಾರಾದರೂ ಹಿರಿಯರ ಮನೆ ಬಾಗಿಲು ತಟ್ಟಬೇಕು.